ಕೊಡೆಯಲ್ಲಿ ಅಳೆದ ಬಾಗಿಲು

ಸುಳ್ಳು ಹೇಳುವುದು ನನ್ನ ಕೆಲಸದ ಒಂದು ಭಾಗವಾಗಿತ್ತು. ಅದರಲ್ಲಿ ನಾನು ಪಳಗಿದವಳು ಎಂದೂ ನಂಬಿದ್ದೆ.

ನಮ್ಮದು ವಿಜಯನಗರದಲ್ಲಿ, ಹೊಸಹಳ್ಳಿ ಮೆಟ್ರೋ ಸ್ಟೇಷನ್ನಿನಿಂದ ಎರಡು ರಸ್ತೆ ಒಳಗೆ, ಜೆರಾಕ್ಸ್ ಅಂಗಡಿಯ ಮಹಡಿ ಮೇಲಿರುವ ಸಣ್ಣ ಟ್ರಾವೆಲ್ಸ್ ಆಫೀಸು. ಅರವತ್ತು ದಾಟಿದವರನ್ನು ಮಾತ್ರ ಪ್ರವಾಸಕ್ಕೆ ಕರೆದೊಯ್ಯುತ್ತೇವೆ. ತಂಡ ಹೊರಡುವ ಮೊದಲು ನಾನೊಬ್ಬಳೇ ಆ ಊರಿಗೆ ಹೋಗಿ, ಯಾರೆಂದು ಹೇಳಿಕೊಳ್ಳದೆ, ದುಡ್ಡು ಕೊಟ್ಟು ಬಂದ ಮಾಮೂಲಿ ಗಿರಾಕಿಯಂತೆ ಎಲ್ಲವನ್ನೂ ನೋಡಿಕೊಂಡು ಬರಬೇಕು. ಮೆಟ್ಟಿಲು ಎಷ್ಟಿವೆ, ಎಷ್ಟೆತ್ತರ, ಹಿಡಿದುಕೊಳ್ಳಲು ಏನಿದೆ, ಕೂರಲು ಎಲ್ಲಿದೆ, ಶೌಚಾಲಯದ ಬಾಗಿಲಿಗೆ ಚಿಲಕ ಇದೆಯೇ, ಗೈಡ್ ನಂಬಿಕಸ್ಥನೇ. ಇಷ್ಟನ್ನೂ ಬರೆಯಲು ನನ್ನ ಹತ್ತಿರ ಒಂದು ನೋಟ್‌ಬುಕ್ ಇತ್ತು. ಹೇಳಿ ಹೋಗುವ ಪದ್ಧತಿಯನ್ನು ನಾವು ಬಿಟ್ಟಿದ್ದಕ್ಕೂ ಕಾರಣವಿತ್ತು. ಹಿಂದೊಮ್ಮೆ ಒಂದು ಬೆಟ್ಟದೂರಿನ ಲಾಡ್ಜಿನವರು ನನಗೆ ಬಿಸಿನೀರಿನ ರೂಮು ತೋರಿಸಿ, ತಂಡ ಹೋದಾಗ ಎಲ್ಲರಿಗೂ ತಣ್ಣೀರು ಕೊಟ್ಟಿದ್ದರು.

ಅನುಮಾನ ಪಡುವುದು ನನಗೆ ಕಷ್ಟದ ಕೆಲಸವೇನಲ್ಲ. ಬಸವೇಶ್ವರನಗರದ ನಮ್ಮ ಬೀದಿಗೆ ಬರುವ ತರಕಾರಿ ಗಾಡಿಯವನಿಂದ ಕೊಂಡ ಒಂದು ಕೆಜಿ ಬೀನ್ಸನ್ನು ಮನೆಗೆ ತಂದು ಇನ್ನೊಮ್ಮೆ ತೂಗುವವಳು ನಾನು. ನಮ್ಮ ಮನೆಯವರು, "ನಿನಗೆ ಗೋಡೆ ಗಡಿಯಾರದ ಮೇಲೂ ಡೌಟು ಕಣೇ," ಎನ್ನುತ್ತಾರೆ. ಗಡಿಯಾರ ನಿಜಕ್ಕೂ ನಾಲ್ಕು ನಿಮಿಷ ಮುಂದಿತ್ತು, ಆ ಮಾತು ಬೇರೆ.

ಗುಟ್ಟಾಗಿ ಅಳೆಯಲು ನಾನೇ ಎರಡು ಉಪಾಯ ಮಾಡಿಕೊಂಡಿದ್ದೆ. ಒಂದು, ಉದ್ದ ಕಾವಿನ ಕಪ್ಪು ಕೊಡೆ. ಮಡಿಚಿ ಕಟ್ಟಿದ ಬಟ್ಟೆಯ ಮೇಲೆ ಮೂರು ಮೂರು ಇಂಚಿಗೆ ಒಂದರಂತೆ ಬಿಳಿ ದಾರದ ಹೊಲಿಗೆ ಹಾಕಿದ್ದೆ. ಮೆಟ್ಟಿಲ ಪಕ್ಕ ಊರಿದರೆ ಎತ್ತರ ಗೊತ್ತಾಗುತ್ತಿತ್ತು, ಬಾಗಿಲಿಗೆ ಅಡ್ಡ ಹಿಡಿದರೆ ಅಗಲ. ಇನ್ನೊಂದು, ದೇವಸ್ಥಾನದ ಮುಂದಿನ ಅಂಗಡಿಗಳಲ್ಲಿ ಸಿಗುತ್ತದಲ್ಲ, ಬೆರಳಿಗೆ ಉಂಗುರದಂತೆ ಹಾಕಿಕೊಂಡು ಜಪ ಎಣಿಸುವ ಮಿಷನ್ನು, ಅದು. ಒಂದು ಹೆಜ್ಜೆಗೆ ಒಂದು ಸಲ ಒತ್ತುತ್ತಾ ಹೋಗುತ್ತಿದ್ದೆ. ಐವತ್ತು ದಾಟಿದ ಹೆಂಗಸು ಜಪ ಮಾಡುತ್ತಾ ನಡೆದರೆ ಯಾರು ತಾನೇ ಅನುಮಾನಿಸುತ್ತಾರೆ? ಐದು ವರ್ಷದಲ್ಲಿ ಒಬ್ಬರೂ ಅನುಮಾನಿಸಿರಲಿಲ್ಲ.

ಆ ಸಲದ ಕೆಲಸ ಮಂಗಳೂರಿನ ಹಳೆ ಬಂದರು. ರಾಜಾಜಿನಗರ, ಬಸವೇಶ್ವರನಗರ, ಕೆಂಗೇರಿ ಕಡೆಯ ಇಪ್ಪತ್ತೆರಡು ಜನ ಹೊರಡುವವರಿದ್ದರು. ಅವರಲ್ಲಿ ಒಬ್ಬರು ವಾಕರ್ ಹಿಡಿದು ನಡೆಯುವವರು. ನದಿ ದಂಡೆಯ ಧಕ್ಕೆ, ಅಂದರೆ ದೋಣಿಗಳು ಬಂದು ನಿಲ್ಲುವ ಕಟ್ಟೆ, ಅದರ ಹಿಂದಿನ ಹಂಚಿನ ಮಾಡಿನ ಗೋಡೌನುಗಳು, ಇವನ್ನೆಲ್ಲ ನಡೆಸಿಕೊಂಡು ತೋರಿಸುವ ಒಬ್ಬ ಗೈಡ್ ಇದ್ದಾರೆಂದು ನಮ್ಮ ಓನರ್‌ಗೆ ಯಾರೋ ಹೇಳಿದ್ದರು. ಅಲ್ಲಿ ಈಗಲೂ ವ್ಯಾಪಾರ ನಡೆಯುವ ಗೋಡೌನುಗಳ ಒಳಗೆ ಹೊರಗಿನವರನ್ನು ಕರೆದೊಯ್ಯಲು ಆಗುವುದು ಅವರೊಬ್ಬರಿಗೇ ಅಂತೆ.

"ಒಬ್ಬರಿಗೇ ಯಾಕೆ?" ಎಂದು ನಾನು ಕೇಳಿದೆ.

"ಅದನ್ನ ತಿಳ್ಕೊಂಡು ಬರ್ಲಿ ಅಂತಾನೇ ನಿಮ್ಮನ್ನ ಕಳಿಸ್ತಾ ಇರೋದು ಅಕ್ಕ," ಎಂದರು ಓನರ್. ನನಗಿಂತ ಹದಿನೈದು ವರ್ಷ ಚಿಕ್ಕವರು. "ಚೆನ್ನಾಗಿ ನೋಡಿ. ಒಬ್ಬರು ಜಾರಿ ಬಿದ್ರೂ ನಾವು ಅಂಗಡಿ ಮುಚ್ಕೊಂಡು ಹೋಗ್ಬೇಕಾಗುತ್ತೆ."

ಬೆಳಿಗ್ಗೆ ಏಳೂವರೆಗೆ ಧಕ್ಕೆ ಹತ್ತಿರದ ಒಂದು ಚಹಾ ಅಂಗಡಿಯ ಮುಂದೆ ಗೈಡ್ ಕಾಯುತ್ತಿದ್ದರು. ಐವತ್ತೈದರ ಆಸುಪಾಸು, ಬಲಭುಜ ಸ್ವಲ್ಪ ಕೆಳಗೆ ಇಳಿದಿತ್ತು. ಮೂವತ್ತು ವರ್ಷ ಇದೇ ಬಂದರಿನಲ್ಲಿ ಸರಕು ಹೊತ್ತವರು, ಭುಜ ಕೈಕೊಟ್ಟ ಮೇಲೆ ಗೈಡ್ ಆದವರು ಎಂದು ಅವರೇ ಹೇಳಿದರು. ಆ ದಿನ ನನ್ನ ಜೊತೆ ಇದ್ದದ್ದು ಒಂದು ಎಳೆ ಜೋಡಿ ಮಾತ್ರ. ನೋಡಿದರೆ ಅವರೂ ಬೆಂಗಳೂರಿನವರು, ನಂದಿನಿ ಲೇಔಟ್.

ನಡಿಗೆ ಶುರುವಾಗುವ ಮೊದಲೇ ಗೈಡ್ ನಮ್ಮ ಪೂರ್ವಾಪರ ವಿಚಾರಿಸತೊಡಗಿದರು. ಊರು ಯಾವುದು, ಎಂತ ಕೆಲಸ, ಮನೆಯಲ್ಲಿ ಯಾರೆಲ್ಲ ಇದ್ದಾರೆ. ಕೇಳಿದ್ದನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳುವವರಂತೆ ತಲೆಯಾಡಿಸುತ್ತಿದ್ದರು. ಇವನಿಗ್ಯಾಕೆ ಇದೆಲ್ಲ ಎಂದುಕೊಂಡೆ.

"ಟೀಚರ್," ಎಂದೆ. "ಹೈಸ್ಕೂಲು. ಗಣಿತ."

"ಓ, ಟೀಚರಾ? ಒಳ್ಳೆದಾಯ್ತು. ಇಲ್ಲಿ ಟೀಚರ್‌ಗಳು ಅಂದ್ರೆ ಮರ್ಯಾದೆ ಉಂಟು."

ನಂದಿನಿ ಲೇಔಟಿನ ಹುಡುಗಿ ಬಿಡಲಿಲ್ಲ. "ಯಾವ ಸ್ಕೂಲ್ ಆಂಟಿ? ನಾನೂ ರಾಜಾಜಿನಗರದಲ್ಲೇ ಓದಿದ್ದು."

"ಆ ಸ್ಕೂಲ್ ಈಗ ಇಲ್ಲಮ್ಮ. ಅಪಾರ್ಟ್‌ಮೆಂಟ್ ಆಗ್ಬಿಟ್ಟಿದೆ."

ಬೆಂಗಳೂರಿನಲ್ಲಿ ಈ ಸುಳ್ಳನ್ನು ಯಾರೂ ಪ್ರಶ್ನಿಸುವುದಿಲ್ಲ. ಹುಡುಗಿ ಲೊಚಗುಟ್ಟಿದಳು.

ಧಕ್ಕೆಯ ಮೇಲೆ ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳು, ಅಂದರೆ ಮರದ ದೊಡ್ಡ ಸರಕು ದೋಣಿಗಳು, ಒಂದಕ್ಕೊಂದು ತಾಗಿಕೊಂಡು ನಿಂತಿದ್ದವು. ಅಕ್ಕಿ ಮೂಟೆ, ಸಿಮೆಂಟು, ಈರುಳ್ಳಿ, ಒಂದು ಹಗ್ಗಕ್ಕೆ ಕಟ್ಟಿದ ಏಳೆಂಟು ಆಡು. ನೀರಿಗೂ ಸರಕಿಗೂ ನಡುವೆ ಹಲಗೆ ಒಂದೇ. ಕೊಕ್ಕೆಯನ್ನು ಮೂಟೆಯ ಯಾವ ಮೂಲೆಗೆ ಹಾಕಬೇಕು, ಹಲಗೆಯ ಮೇಲೆ ಇಬ್ಬರು ಎದುರಾದರೆ ಯಾರು ಹಿಂದೆ ಸರಿಯಬೇಕು ಎಂದೆಲ್ಲ ಗೈಡ್ ವಿವರಿಸಿದರು. ಚೆನ್ನಾಗಿ ಹೇಳುತ್ತಿದ್ದರು, ಅದನ್ನು ಒಪ್ಪಬೇಕು. ನಾನು ಕಿವಿ ಅವರಿಗೆ ಕೊಟ್ಟು, ಬೆರಳು ಮಿಷನ್ನಿಗೆ ಕೊಟ್ಟಿದ್ದೆ. ಧಕ್ಕೆಯಿಂದ ರಸ್ತೆಗೆ ನೂರ ಹನ್ನೆರಡು ಹೆಜ್ಜೆ. ಅಂಚಿಗೆ ಕಂಬಿ ಇಲ್ಲ. ಶೌಚಾಲಯ ಮೀನು ತೂಗುವ ಶೆಡ್ಡಿನ ಹಿಂದೆ. ಚಿಲಕ ಇಲ್ಲ.

ಗೋಡೌನುಗಳ ಸಾಲಿಗೆ ಬಂದಾಗ ನನ್ನ ಅನುಮಾನಕ್ಕೆ ಮೊದಲ ಆಹಾರ ಸಿಕ್ಕಿತು. ಗೈಡ್ ನೇರವಾಗಿ ಒಳಗೆ ಕರೆದೊಯ್ಯಲಿಲ್ಲ. ನಮ್ಮನ್ನು ಹತ್ತು ಹೆಜ್ಜೆ ಹಿಂದೆ ನಿಲ್ಲಿಸಿ, ತಾವೊಬ್ಬರೇ ಹೊಸ್ತಿಲ ಹೊರಗೆ ನಿಂತು, ಒಳಗಿದ್ದವರ ಜೊತೆ ಕರಾವಳಿಯ ಮುಸ್ಲಿಮರಾಡುವ ಬ್ಯಾರಿ ಭಾಷೆಯಲ್ಲಿ ತಗ್ಗಿದ ದನಿಯಲ್ಲಿ ಮಾತಾಡಿದರು. ಒಳಗಿನವರು ಕತ್ತು ಚಾಚಿ ನಮ್ಮನ್ನು ನೋಡಿದರು. ಇನ್ನೆರಡು ಮಾತು. ಆಮೇಲೆ ಬನ್ನಿ ಎಂದು ಕೈ ಬೀಸಿದರು. ಎರಡನೇ ಗೋಡೌನಿನಲ್ಲೂ ಇದೇ ನಡೆಯಿತು. ಇಂಥದ್ದನ್ನು ನಾನು ಎಷ್ಟು ಊರಿನಲ್ಲಿ ನೋಡಿಲ್ಲ! ಗಿರಾಕಿ ಎಂಥವರು, ಎಷ್ಟು ಕೊಳ್ಳಬಹುದು ಎಂದು ಮೊದಲೇ ಅಂದಾಜು ಹೇಳಿ ತಮ್ಮ ಪಾಲು ಗೊತ್ತು ಮಾಡಿಕೊಳ್ಳುವುದು. ಊರು, ಕೆಲಸ ಕೇಳಿದ್ದೂ ಇದಕ್ಕೇ. ಗೋಡೆಗೆ ತಿರುಗಿ ನಿಂತು ನೋಟ್‌ಬುಕ್ಕಿನಲ್ಲಿ ಬರೆದೆ: "ಗೈಡ್ ಬಾಗಿಲಲ್ಲಿ ನಮಗೆ ತಿಳಿಯದ ಭಾಷೆಯಲ್ಲಿ ಮಾತಾಡುತ್ತಾನೆ. ಕಮಿಷನ್?"

ಒಳಗೆ ಯಾರೂ ನಮಗೆ ಏನನ್ನೂ ಮಾರಲು ಬರಲಿಲ್ಲ. ಅದೂ ನನಗೆ ಅನುಮಾನಾಸ್ಪದವಾಗಿಯೇ ಕಂಡಿತು.

ಮೊದಲ ಗೋಡೌನಿನಲ್ಲಿ ಒಣಮೆಣಸಿನ ಘಾಟಿಗೆ ಮೂವರೂ ಸೀನಿದೆವು. ಎರಡನೆಯದರಲ್ಲಿ ಅಟ್ಟಕ್ಕೆ ಹದಿನಾಲ್ಕು ಮೆಟ್ಟಿಲು, ಕೊನೆಯ ಮೂರು ವಿಪರೀತ ಎತ್ತರ, ಹಿಡಿಯಲು ಹಗ್ಗ. ಅಟ್ಟದ ಕಿಂಡಿಯಿಂದ ನದಿ ಕಾಣುತ್ತಿತ್ತು, ನದಿಯಾಚೆ ಮರಳ ದಂಡೆ, ಅದರಾಚೆ ಸಮುದ್ರ. ಹುಡುಗಿ, "ಸೂಪರ್ ಆಗಿದೆ ಅಲ್ವಾ ಆಂಟಿ?" ಎಂದಳು. ನಾನು ಮೆಟ್ಟಿಲ ಪಕ್ಕ ಕೊಡೆ ಊರಿ ಹೊಲಿಗೆ ಲೆಕ್ಕ ಹಾಕುತ್ತಿದ್ದೆ. ಹತ್ತೂವರೆ ಇಂಚು.

ಮೂರನೆಯದು ಆ ಸಾಲಿನಲ್ಲೇ ಹಳೆಯದು. ಎರಡು ಕದದ ಭಾರಿ ಬಾಗಿಲು, ಒಂದು ಕದ ಭದ್ರವಾಗಿ ಮುಚ್ಚಿತ್ತು. ತೆರೆದ ಕದದ ಕಡೆ ಜಾಗ ಕಿರಿದು. ವಾಕರ್ ಒಳಗೆ ಹೋಗುತ್ತದೋ ಇಲ್ಲವೋ ಎಂಬುದು ಈಗ ನನ್ನ ಮುಖ್ಯ ಪ್ರಶ್ನೆ. ಗೈಡ್ ಬಾಗಿಲ ಮಾತು ಮುಗಿಸಿ, ಜೋಡಿಗೆ ಮೇಲಿನ ತೊಲೆಯನ್ನು ತೋರಿಸುತ್ತಿದ್ದರು. ನಾನು ಹಿಂದೆ ಉಳಿದು, ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಕೊಡೆಯನ್ನು ಬಾಗಿಲಿಗೆ ಅಡ್ಡ ಹಿಡಿದೆ. ಮೂವತ್ತಮೂರು ಇಂಚು. ಪರವಾಗಿಲ್ಲ, ಹೋಗುತ್ತದೆ.

ತಲೆಯೆತ್ತಿದರೆ, ಒಳಗಿನ ಅರೆಗತ್ತಲಲ್ಲಿ ಒಂದು ಕುರ್ಚಿ, ಕುರ್ಚಿಯಲ್ಲಿ ಬಿಳಿ ಗಡ್ಡದ ಹಿರಿಯರೊಬ್ಬರು. ಎಷ್ಟು ಹೊತ್ತಿನಿಂದ ನನ್ನನ್ನೇ ನೋಡುತ್ತಿದ್ದರೋ.

ಅವರು ಗೈಡ್‌ಗೆ ಏನೋ ಹೇಳಿದರು. ಗೈಡ್ ನನ್ನ ಹತ್ತಿರ ಬಂದರು. "ಟೀಚರ್, ಹಾಜಿಯವರು ಕೇಳ್ತಿದ್ದಾರೆ. ನೀವು ಬಾಗಿಲು ಎಂತಕ್ಕೆ ಅಳೆದದ್ದು ಅಂತ."

"ಅಳೆಯೋದಾ? ಇಲ್ವಲ್ಲ. ಸುಮ್ನೆ ಕೊಡೆ ಹಿಡ್ಕೊಂಡಿದ್ದೆ."

ಹಾಜಿಯವರು ಎದ್ದು ಬಂದು ಕೊಡೆಯನ್ನು ಮುಟ್ಟದೆ, ಬಗ್ಗಿ ಬಿಳಿ ಹೊಲಿಗೆಗಳನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ನನಗೆ ತಿಳಿಯುವ ಕನ್ನಡದಲ್ಲೇ ಕೇಳಿದರು. "ಇದು ಎಂತ, ಮಳೆ ಎಷ್ಟು ಬಿತ್ತು ಅಂತ ಲೆಕ್ಕ ಮಾಡ್ಲಿಕ್ಕಾ?"

ನಾನು ಕೊಡೆಯನ್ನು ಸೆರಗಿನ ಹಿಂದಕ್ಕೆ ಎಳೆದುಕೊಂಡೆ. ಅವರು ನಮ್ಮೆಲ್ಲರನ್ನೂ ಹೊರಗೆ ಕಳಿಸಿ ಕದ ಹಾಕಿಕೊಂಡರು. ಒಳಗಿನಿಂದ ಅಡ್ಡಪಟ್ಟಿ ಬಿದ್ದ ಸದ್ದು ಕೇಳಿತು. ಗೈಡ್ ಮುಚ್ಚಿದ ಬಾಗಿಲನ್ನು ನೋಡುತ್ತಾ ನಿಂತರು. "ಇವತ್ತಿಗೆ ಇಷ್ಟೇ," ಎಂದರು ಜೋಡಿಗೆ. "ಮುಂದಿನದ್ದು ಆಗ್ಲಿಕ್ಕಿಲ್ಲ. ಬೇಜಾರು ಮಾಡ್ಬೇಡಿ."

ಲಾಡ್ಜಿಗೆ ಹೋಗಿ, ಉತ್ಸಾಹದಿಂದಲೇ ಬರೆದೆ. "ಅಳೆದಿದ್ದಕ್ಕೆ ಗಾಬರಿಯಾಗಿ ನಡಿಗೆಯನ್ನು ಅರ್ಧಕ್ಕೇ ನಿಲ್ಲಿಸಿದರು. ಗೈಡ್‌ಗೂ ಗೋಡೌನಿನವರಿಗೂ ಒಳ ಒಪ್ಪಂದ ಇದ್ದಂತಿದೆ. ಮೂರನೇ ಗೋಡೌನಿನಲ್ಲಿ ಬಚ್ಚಿಡುವಂಥದ್ದು ಏನೋ ಇದೆ." ಒಳ್ಳೆಯ ಬೇಟೆ ಸಿಕ್ಕಿತು ಎನ್ನಿಸಿತು. ಊಟ ಮುಗಿಸಿ, ಪುರಾವೆ ಏನಾದರೂ ಸಿಗಬಹುದೆಂದು ಮಧ್ಯಾಹ್ನ ಮತ್ತೆ ಬಂದರಿಗೆ ಹೋದೆ. ಕೊಡೆಯನ್ನು ರೂಮಿನಲ್ಲೇ ಬಿಟ್ಟಿದ್ದೆ.

ಬೆಳಿಗ್ಗೆ ತೆರೆದಿದ್ದ ಮೆಣಸಿನ ಗೋಡೌನು ಮುಚ್ಚಿತ್ತು. ಎರಡನೆಯದರ ಬಾಗಿಲಲ್ಲಿ ಇಬ್ಬರು ನಿಂತಿದ್ದರು, ನನ್ನನ್ನು ಕಂಡು ಮಾತು ನಿಲ್ಲಿಸಿದರು. ಹಾಜಿಯವರ ಬಾಗಿಲ ಮುಂದೆ, ಉರಿಬಿಸಿಲಲ್ಲಿ, ಗೈಡ್ ಒಬ್ಬರೇ ನಿಂತಿದ್ದರು. ಕದ ತಟ್ಟುತ್ತಿರಲಿಲ್ಲ, ಕೂಗುತ್ತಲೂ ಇರಲಿಲ್ಲ, ಸುಮ್ಮನೆ ನಿಂತಿದ್ದರು. ನಾನು ಅವರ ಕಣ್ಣಿಗೆ ಬೀಳದಂತೆ ಚಹಾ ಅಂಗಡಿಯ ಒಳಗೆ ಕೂತೆ.

ಅಂಗಡಿಯಾಕೆ ಚಹಾ ತಂದಿಟ್ಟು ತಾವೇ ಮಾತಿಗೆ ನಿಂತರು. ಬೆಳಿಗ್ಗೆ ನನ್ನನ್ನು ಅವರು ನೋಡಿರಲಿಲ್ಲ. "ಬೆಳಿಗ್ಗೆಯಿಂದ ನಿಂತಿದ್ದಾನೆ ಮಾರಾಯ್ರೆ, ಪಾಪ. ಯಾರೋ ಹೆಂಗಸನ್ನು ಟೀಚರ್ ಅಂತ ಕರ್ಕೊಂಡು ಬಂದ. ಅವರು ನೋಡಿದ್ರೆ ಸರ್ವೇಯವರು. ಕೊಡೆಯೊಳಗೆ ಟೇಪು ಇಟ್ಕೊಂಡು ಬಾಗಿಲು ಅಳೆದ್ರಂತೆ."

"ಅಳೆದ್ರೆ ಏನಾಯ್ತು?"

ಆಕೆ ಅಂಗಡಿಯ ಎಡಕ್ಕೆ ಕೈ ತೋರಿಸಿದರು. ಅಲ್ಲಿ ಮಣ್ಣು ಸಮತಟ್ಟು ಮಾಡಿದ ಖಾಲಿ ಜಾಗ, ಒಂದೆರಡು ಲಾರಿ. "ಅಲ್ಲಿಯೂ ಇಂಥದೇ ಸಾಲು ಇತ್ತು. ಒಮ್ಮೆ ಇಬ್ಬರು ಬಂದ್ರು, ಕಾಲೇಜಿನವರು ಅಂತ ಹೇಳಿ. ಇಲ್ಲೇ ಚಾ ಕುಡಿದ್ರು. ಫೋಟೋ ತೆಗೆದು, ಅಳೆದು ಹೋದ್ರು. ಆಮೇಲೆ ಗೋಡೆಗೆಲ್ಲ ಕೆಂಪು ಪೈಂಟಿನಲ್ಲಿ ನಂಬರ್ ಬಿತ್ತು, ಸಾಲು ಪೂರಾ ಕೆಡವಿದ್ರು. ಯಾರು ಬಂದದ್ದು, ಯಾರು ಕಳಿಸಿದ್ದು, ಇವತ್ತಿನವರೆಗೆ ಗೊತ್ತಿಲ್ಲ. ಆವತ್ತಿಂದ ಇಲ್ಲಿ ಒಂದು ಪದ್ಧತಿ. ಹೊರಗಿನವರು ಬಂದ್ರೆ, ಗುರ್ತದವರು ಯಾರಾದ್ರೂ ಬಾಗಿಲಲ್ಲಿ ನಿಂತು ಹೇಳ್ಬೇಕು. ಇವರು ಇಂಥವರು, ಇಂಥ ಊರಿನವರು, ಇವರಿಗೆ ನಾನು ಜವಾಬ್ದಾರಿ ಅಂತ. ಅವನ ಮಾತಿಗೆ ಇಲ್ಲಿ ಬೆಲೆ ಇತ್ತು. ಇನ್ನು ಅವನಿಗೆ ಬಾಗಿಲು ಯಾರು ತೆಗೀತಾರೆ? ಭುಜ ಹೋದವನು, ಮೂಟೆ ಹೊರ್ಲಿಕ್ಕೂ ಆಗ್ಲಿಕ್ಕಿಲ್ಲ."

ಬೆಳಿಗ್ಗೆ ಮೂರು ಬಾಗಿಲಲ್ಲಿ ಅವರು ತಗ್ಗಿದ ದನಿಯಲ್ಲಿ ಹೇಳಿದ್ದು ಇದು. ಟೀಚರ್, ಒಳ್ಳೆಯವರು, ನಾನು ಜವಾಬ್ದಾರಿ. ನಾನದನ್ನು ಕಮಿಷನ್ ಎಂದು ಬರೆದು ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೆ. ನಾಚಿಕೆಯಾಯಿತು, ನನ್ನ ಮೇಲೇ ಕೆಟ್ಟ ಸಿಟ್ಟು ಬಂತು.

ಲಾಡ್ಜಿಗೆ ಮರಳಿ ಓನರ್‌ಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಬಿಟ್ಟಾಕಿ ಅಕ್ಕ. ನದಿ ಪಕ್ಕ ಹೊಸ ವಾಕಿಂಗ್ ಪಾತ್ ಇದ್ಯಂತಲ್ಲ, ಅಲ್ಲಿ ಒಂದು ರೌಂಡ್ ಹಾಕ್ಸಿ ಬೀಚ್‌ಗೆ ಕರ್ಕೊಂಡೋಗಿ ಬಿಡೋಣ. ಬೆಂಚಿದೆ, ರೇಲಿಂಗ್ ಇದೆ. ನಮಗೂ ಸೇಫು."

"ಆ ಗೈಡ್ ಕಥೆ?"

"ನಾವೇನ್ ಬೇಕಂತ ಮಾಡಿದ್ವಾ? ನೋಡಿ, ನೀವು ಯಾರು ಅಂತ ಮಾತ್ರ ಅಲ್ಲಿ ಹೇಳ್ಬೇಡಿ. ಒಂದ್ಸಲ ಗೊತ್ತಾದ್ರೆ ಗೈಡ್‌ಗಳ ವಾಟ್ಸಾಪ್ ಗ್ರೂಪಲ್ಲೆಲ್ಲ ನಿಮ್ ಫೋಟೋ ಓಡಾಡುತ್ತೆ. ಆಮೇಲೆ ನಿಮ್ಮನ್ನ ಎಲ್ಲಿಗೂ ಕಳ್ಸೋಕಾಗಲ್ಲ."

ಅವರ ಮಾತು ತಪ್ಪಲ್ಲ. ಈ ಕೆಲಸ ನನಗೆ ಇಷ್ಟವಿತ್ತು. ಮನೆಯಿಂದ ಒಬ್ಬಳೇ ಹೊರಟು, ಗೊತ್ತಿಲ್ಲದ ಊರಲ್ಲಿ ಇಳಿದು, ನನಗೆ ಮಾತ್ರ ಗೊತ್ತಿರುವ ಕಾರಣಕ್ಕೆ ಬೀದಿ ಸುತ್ತುವ ಸುಖ ಬೇರೆ ಯಾವ ಕೆಲಸದಲ್ಲಿ ಸಿಗುತ್ತದೆ? ಸಂಜೆ ಮೂರು ಸಲ ಬ್ಯಾಗು ತುಂಬಿದೆ, ಮೂರು ಸಲ ಬಿಚ್ಚಿದೆ. ಗೈಡ್ ನಂಬಿಕಸ್ಥನೇ ಎಂಬ ಪ್ರಶ್ನೆಯ ಮುಂದಿನ ಜಾಗ ನೋಟ್‌ಬುಕ್ಕಿನಲ್ಲಿ ಖಾಲಿಯಿತ್ತು. ಅಲ್ಲಿ ಈಗ ಹೌದು ಎಂದು ಬರೆದರೆ ಬೆಂಗಳೂರಿಗೆ ಗೊತ್ತಾಗುತ್ತಿತ್ತೇ ಹೊರತು ಬಂದರಿಗಲ್ಲ. ಬಂದರಿಗೆ ತಿಳಿಯಬೇಕಾದರೆ ನಾನು ಬಾಯಿ ಬಿಡಲೇಬೇಕಿತ್ತು. ಬಸ್ಸಿನ ಟಿಕೆಟನ್ನು ಮರುದಿನಕ್ಕೆ ಬದಲಾಯಿಸಿದೆ.

ಬೆಳಿಗ್ಗೆ ಗೈಡ್ ಅದೇ ಚಹಾ ಅಂಗಡಿಯ ಮುಂದೆ ಇದ್ದರು. ಅವತ್ತು ಯಾರೂ ಬಂದಿರಲಿಲ್ಲ. ನಾನು ಯಾರು, ಯಾಕೆ ಬಂದೆ, ಕೊಡೆ ಯಾಕೆ, ಮಿಷನ್ನು ಯಾಕೆ, ಎಲ್ಲವನ್ನೂ ನಿಂತಲ್ಲೇ ಹೇಳಿದೆ.

"ಹಾಗಾದ್ರೆ ನೀವು ಟೀಚರ್ ಅಲ್ಲ," ಎಂದರು ಕೊನೆಗೆ.

"ಅಲ್ಲ."

"ಗಣಿತವೂ ಇಲ್ಲ."

"ಇಲ್ಲ."

"ನಾನು ಮೂರು ಬಾಗಿಲಲ್ಲಿ ಹೇಳಿದ್ದೆ." ಹಾಜಿಯವರಿಗೆ ನಾನೇ ಹೇಳುತ್ತೇನೆ, ನೋಟ್‌ಬುಕ್ ತೋರಿಸುತ್ತೇನೆ ಎಂದು ನಾನು ಹೇಳಿದಾಗ ಅವರು ಮುಂದೆ ನಡೆದರು. ಅವರ ಹಿಂದೆ ಹತ್ತು ಹೆಜ್ಜೆ ಬಿಟ್ಟು ನಾನು ನಡೆದೆ.

ಕದ ಒಂದು ಗೇಣಿನಷ್ಟು ತೆರೆಯಿತು. ಗೈಡ್ ಮಾತಾಡಿದರು. ಹಾಜಿಯವರು ಕುರ್ಚಿಯನ್ನು ಹೊಸ್ತಿಲ ಒಳಬದಿಗೆ ಎಳೆಸಿಕೊಂಡು ಕೂತು, ನನ್ನನ್ನು ಹೊರಗೆ ನಿಲ್ಲಿಸಿಯೇ, ನೋಟ್‌ಬುಕ್ಕಿಗೆ ಕೈ ಚಾಚಿದರು. ಬೇಕಾದ ಪುಟವನ್ನಷ್ಟೇ ತೋರಿಸೋಣವೆಂದು ನಾನು ಅಂದುಕೊಂಡಿದ್ದೆ. ಅವರು ಕನ್ನಡಕ ಹಾಕಿಕೊಂಡು ಮೊದಲ ಸಾಲಿನಿಂದ, ನಿಧಾನಕ್ಕೆ, ಗಟ್ಟಿಯಾಗಿ ಓದತೊಡಗಿದರು. ಅಕ್ಕಪಕ್ಕದ ಗೋಡೌನುಗಳಿಂದ ನಾಲ್ಕಾರು ಜನ ಬಂದು ಸೇರಿದರು.

"ಧಕ್ಕೆಯಿಂದ ರಸ್ತೆಗೆ ನೂರ ಹನ್ನೆರಡು ಹೆಜ್ಜೆ. ಚಿಲಕ ಇಲ್ಲ." ತಲೆಯೆತ್ತಿ, "ಅದು ಸರಿಯೇ, ಚಿಲಕ ಇಲ್ಲ," ಎಂದರು. ಯಾರೋ ನಕ್ಕರು. "ಹದಿನಾಲ್ಕು ಮೆಟ್ಟಿಲು, ಹಗ್ಗ ಇದೆ, ಮಂಡಿ ನೋವಿನವರು ಕೆಳಗೇ ಕೂರಬೇಕು. ಮೂರನೇ ಗೋಡೌನು, ಬಾಗಿಲು ಮೂವತ್ತಮೂರು, ವಾಕರ್ ಹೋಗುತ್ತದೆ. ಒಳಗೆ ಒಂದು ಕುರ್ಚಿ. ಮುದುಕರೊಬ್ಬರು ಕೂತಿರುತ್ತಾರೆ, ಎಬ್ಬಿಸಿದರೆ ನಮ್ಮವರು ಒಬ್ಬರು ಕೂರಬಹುದು."

ಈಗ ಎಲ್ಲರೂ ನಕ್ಕರು, ಹಾಜಿಯವರು ಕೂಡ. ಇನ್ನು ಪರವಾಗಿಲ್ಲ ಎಂದುಕೊಂಡೆ. ಅಷ್ಟರಲ್ಲಿ ಅವರು ಪುಟದ ಅಂಚಿಗೆ ಬಂದಿದ್ದರು. ಅಲ್ಲಿದ್ದದ್ದನ್ನೂ ಅದೇ ದನಿಯಲ್ಲಿ ಓದಿದರು.

"ಗೈಡ್ ಬಾಗಿಲಲ್ಲಿ ನಮಗೆ ತಿಳಿಯದ ಭಾಷೆಯಲ್ಲಿ ಮಾತಾಡುತ್ತಾನೆ. ಕಮಿಷನ್." ಪುಟ ತಿರುವಿದರು. "ಒಳ ಒಪ್ಪಂದ ಇದ್ದಂತಿದೆ. ಬಚ್ಚಿಡುವಂಥದ್ದು ಏನೋ ಇದೆ."

ನಗು ನಿಂತಿತು. ಈ ಸಾಲುಗಳ ಬಗ್ಗೆ ನಾನು ಗೈಡ್‌ಗೆ ಹೇಳಿರಲಿಲ್ಲ. ಎಲ್ಲವನ್ನೂ ಹೇಳಿದೆ ಎಂದುಕೊಂಡವಳು ಇದೊಂದನ್ನು ಜಾಣತನದಿಂದ ಬಿಟ್ಟಿದ್ದೆ. ಅವರು ನೋಟ್‌ಬುಕ್ಕನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಕೆಳಗಿಳಿದ ಭುಜವನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ನೆಲ ನೋಡುತ್ತಿದ್ದರು.

"ತಪ್ಪಾಯ್ತು," ಎಂದೆ. "ಅದನ್ನ ಬರೆದಾಗ ನನಗೇನೂ ಗೊತ್ತಿರ್ಲಿಲ್ಲ. ಇವರು ನಿಮ್ಮ ಹತ್ರ ಸುಳ್ಳು ಹೇಳಿಲ್ಲ. ನಾನು ಇವರ ಹತ್ರ ಹೇಳ್ದೆ. ಇವರಿಗೆ ಬಾಗಿಲು ಮುಚ್ಬೇಡಿ."

ಹಾಜಿಯವರು ನೋಟ್‌ಬುಕ್ ಮಡಿಚಿ ನನ್ನ ಕೈಗಿಟ್ಟರು. "ವಯಸ್ಸಾದವರು ಬರ್ತಾರೆ, ಬಾಗಿಲು ಎಷ್ಟು ಅಗಲ ಉಂಟು ಅಂತ ನೀವು ಕೇಳಿದ್ರೆ, ನಾನೇ ಟೇಪು ಹಿಡಿದು ಅಳೆದು ಕೊಡ್ತಿದ್ದೆ. ಇನ್ನೊಂದು ಕದವೂ ತೆಗೀತಿದ್ದೆ."

ಆಮೇಲೆ ಅವರು ಗೈಡ್ ಜೊತೆ ಬ್ಯಾರಿಯಲ್ಲಿ ತುಂಬ ಹೊತ್ತು ಮಾತಾಡಿದರು. ಸುತ್ತ ಇದ್ದವರೂ ಒಂದೊಂದು ಮಾತು ಸೇರಿಸಿದರು. ಏನು ಹೇಳುತ್ತಿದ್ದಾರೆಂದು ನನಗೆ ಒಂದಕ್ಷರ ತಿಳಿಯಲಿಲ್ಲ. ಊಹೆ ಮಾಡುವ ಧೈರ್ಯವೂ ಬರಲಿಲ್ಲ. ಕೊನೆಗೆ ಹಾಜಿಯವರು ಕನ್ನಡಕ್ಕೆ ತಿರುಗಿದರು.

"ಇವನು ಕರ್ಕೊಂಡು ಬಂದವರು ಬರ್ಬಹುದು. ಆದ್ರೆ ಇನ್ನು ಇವನೊಬ್ಬನೇ ಹೇಳಿದ್ರೆ ಸಾಲದು. ಬಂದವರು ಒಬ್ಬೊಬ್ಬರೇ ಇಲ್ಲಿ ನಿಂತು ಅವರವರ ಬಾಯಲ್ಲೇ ಹೇಳ್ಬೇಕು, ನಾನು ಇಂಥವರು ಅಂತ." ಆಮೇಲೆ ನನ್ನನ್ನು ನೋಡಿ, "ನೀವು ಒಳಗೆ ಬರುವುದು ಬೇಡ," ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಇಳಿಯುವುದನ್ನು ಕಾಯಬಹುದಿತ್ತು.

ಬೆಂಗಳೂರಿಗೆ ಬಂದು ವರದಿ ಕೊಟ್ಟೆ. ನಾನು ಯಾರೆಂದು ಹೇಳಿದ ಸಂಗತಿಯನ್ನೂ ಅದರಲ್ಲೇ ಬರೆದಿದ್ದೆ. ಓನರ್ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ, "ಇನ್ಮೇಲೆ ಮುಂಚೆ ಹೋಗಿ ನೋಡೋ ಕೆಲಸಕ್ಕೆ ಬೇರೆಯವರನ್ನ ಇಟ್ಕೋತೀನಿ ಅಕ್ಕ. ನೀವು ಗ್ರೂಪ್ ಜೊತೆ ಹೋಗಿ," ಎಂದರು. ಸರಿ ಎಂದೆ. ಹಳೆ ಬಂದರಿನ ನಡಿಗೆಯನ್ನು ಮಾತ್ರ ತೆಗೆಯಬೇಡಿ ಎಂದು ಹಟ ಹಿಡಿದೆ. ಅವರು ಗೊಣಗಿಕೊಂಡೇ ಒಪ್ಪಿದರು. ಗೈಡ್‌ಗೆ ಫೋನ್ ಮಾಡಿ ತಂಡದ ವಿವರವನ್ನೆಲ್ಲ ಮೊದಲೇ ಕೊಟ್ಟೆ. ಅವರು ಪ್ರತಿಯೊಂದಕ್ಕೂ "ಆಯ್ತು ಮೇಡಂ" ಎಂದರು, ಹೆಚ್ಚು ಮಾತಿಲ್ಲ.

ಇಪ್ಪತ್ತೆರಡು ಜನರನ್ನು ಕರೆದುಕೊಂಡು ಹೋದ ದಿನ ಹಾಜಿಯವರ ಗೋಡೌನಿನ ಎರಡೂ ಕದ ತೆರೆ‌ದಿದ್ದವು. ಅವರು ಹೊಸ್ತಿಲಲ್ಲಿ ನಿಂತಿದ್ದರು. ಅವರ ಕುರ್ಚಿಯ ಪಕ್ಕ ಇನ್ನೂ ಐದು ಕುರ್ಚಿ ಹಾಕಿಸಿದ್ದರು. ನಮ್ಮವರು ಸಾಲಾಗಿ ನಿಂತು, ಸ್ಕೂಲಿಗೆ ಸೇರಲು ಬಂದವರಂತೆ, ಒಬ್ಬೊಬ್ಬರೇ ಹೇಳಿಕೊಂಡರು.

"ರಾಜಾಜಿನಗರ, ಎರಡನೇ ಬ್ಲಾಕು. ಬ್ಯಾಂಕಲ್ಲಿದ್ದೆ."

"ಬಸವೇಶ್ವರನಗರ. ಮೇಷ್ಟ್ರು, ರಿಟೈರ್ಡ್. ಕಾಲು ಸರಿ ಇಲ್ಲ, ಅದಕ್ಕೇ ಈ ವಾಕರ್."

"ಕೆಂಗೇರಿ. ಕೆಲಸ ಅಂತ ಏನಿಲ್ಲ, ಮೊಮ್ಮಕ್ಕಳನ್ನ ಸ್ಕೂಲಿಗೆ ಬಿಡೋದು, ಕರ್ಕೊಂಡು ಬರೋದು."

"ಅದಕ್ಕಿಂತ ದೊಡ್ಡ ಕೆಲಸ ಎಂತ ಉಂಟು," ಎಂದರು ಹಾಜಿಯವರು. ಪ್ರತಿಯೊಬ್ಬರಿಗೂ ತಲೆ ಬಗ್ಗಿಸಿ ಒಳಗೆ ದಾರಿ ಬಿಟ್ಟರು. ಇಪ್ಪತ್ತೆರಡನೆಯವರು ಹೋದ ಮೇಲೆ ಗೈಡ್ ಒಳಗೆ ಹೋದರು. ನಾನು ಎಲ್ಲರ ಬ್ಯಾಗು, ನೀರಿನ ಬಾಟಲಿ ಹಿಡಿದುಕೊಂಡು ಎದುರಿನ ಕಟ್ಟೆಯ ಮೇಲೆ ಕೂತೆ.

ಒಳಗೆ ಏನು ನಡೆಯುತ್ತಿತ್ತೋ ನೋಡಲಿಲ್ಲ. ಆಗಾಗ ನಗು ಕೇಳುತ್ತಿತ್ತು. ಯಾರೋ ಹಳೆಯ ತಕ್ಕಡಿಯ ಬಗ್ಗೆ ಪ್ರಶ್ನೆ ಕೇಳಿದರು, ಗೈಡ್‌ನ ದನಿ ಏರಿತು, ಮತ್ತೆ ನಗು. ಸ್ವಲ್ಪ ಹೊತ್ತಿಗೆ ಕೆಲಸದವನೊಬ್ಬ ಬಂದು ನನ್ನ ಪಕ್ಕ ಒಂದು ಲೋಟ ಚಹಾ ಇಟ್ಟು ಹೋದ. ಕುಡಿದೆ. ಲೋಟವನ್ನು ವಾಪಸು ಕೊಡಲು ಎದ್ದವಳು, ಹೊಸ್ತಿಲ ಹತ್ತಿರ ಹೋಗುವುದು ಬೇಡವೆಂದು ಕಟ್ಟೆಯ ಮೇಲೇ ಇಟ್ಟೆ.

ಮುಕ್ಕಾಲು ಗಂಟೆಯ ಮೇಲೆ ಎಲ್ಲರೂ ಹೊರಗೆ ಬಂದರು. ಕೆಂಗೇರಿಯ ಅಜ್ಜಿ ನನ್ನ ಪಕ್ಕ ಕೂತು ಉಸಿರು ಬಿಟ್ಟರು. ಸೀರೆಗೆಲ್ಲ ಲವಂಗದ ವಾಸನೆ ಹತ್ತಿತ್ತು.

"ಅಂಥಾ ಜಾಗ ನಾನು ಎಲ್ಲೂ ನೋಡಿಲ್ಲ ಕಣಮ್ಮ. ನೀನ್ಯಾಕೆ ಒಳಗೆ ಬರ್ಲಿಲ್ಲ?"

"ನನ್ನನ್ನ ಬಿಡಲ್ಲ ಅಂದಿದಾರೆ ಆಂಟಿ."

"ಅಯ್ಯೋ, ಅಷ್ಟು ಒಳ್ಳೆ ಮನುಷ್ಯರು. ನೀನೇನ್ ಮಾಡ್ದೆ?"

ಗೈಡ್ ಎರಡು ಹೆಜ್ಜೆ ದೂರದಲ್ಲಿ ತಂಡವನ್ನು ಎಣಿಸುತ್ತಿದ್ದರು. ಕಾಲು ನೋವು, ಧೂಳು ಆಗುವುದಿಲ್ಲ, ಬ್ಯಾಗು ಕಾಯಬೇಕಿತ್ತು, ಹೀಗೆ ನಾಲ್ಕು ಸುಳ್ಳು ನಾಲಿಗೆಯ ತುದಿಗೆ ಬಂದವು.

"ಕೇಳದೆ ಅಳೆದೆ," ಎಂದೆ.

ಎಣಿಕೆ ನಿಂತಿತು. ಅಜ್ಜಿ ನನ್ನ ಮುಖ ನೋಡಿದರು. "ಅಷ್ಟೇನಾ?"

ನಾನು ಗೈಡ್ ಕಡೆ ತಿರುಗಲಿಲ್ಲ. ಅಜ್ಜಿಯ ಬ್ಯಾಗನ್ನು ಅವರ ಕೈಗೆ ಕೊಟ್ಟು, "ಅಷ್ಟು ಸಾಕು ಆಂಟಿ," ಎಂದೆ.